ಕಿವಿರು ತೆಗೆದ ಬಂಗುಡೆ

ಔ, ಔ, ಔ ಎಂದು ಮೂರು ಸಲ ಕೂಗುವುದು ಕಡಲಸಿಂಹ ಲೂನಾಳ ಪದ್ಧತಿ. ಬೆಳಗ್ಗೆ ಆರೂವರೆಗೆ ಪ್ರಫುಲ್ಲಾ ಮೀನಿನ ಕೋಣೆಯ ಕಬ್ಬಿಣದ ಬಾಗಿಲು ತಳ್ಳಿದೊಡನೆ ಗೋಡೆಯಾಚೆಯ ಕೊಳದಿಂದ ಆ ಕೂಗು ಬರುತ್ತಿತ್ತು. ಈ ಶುಕ್ರವಾರ ಒಂದೇ ಕೂಗು ಬಂತು. ಅದೂ ನಡುವೆ ಒಡೆದು, ಕೆಮ್ಮಿನ ಹಾಗೆ ಮುಗಿಯಿತು.

ಪ್ರಫುಲ್ಲಾ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದಳು. ಮತ್ತೆ ಕೂಗು ಬರಲಿಲ್ಲ.

ದುಬೈಯ ಸಮುದ್ರದಂಡೆಯ ಆ ವಿಹಾರ ಉದ್ಯಾನಕ್ಕೆ ಅವಳು ಸೇರಿ ಮೂರು ತಿಂಗಳಾಗಿತ್ತು. ಇಸವಿ ಎರಡು ಸಾವಿರ. ಗಂಡ ಶೀನಪ್ಪ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಅವನ ವೀಸಾದ ಮೇಲೆ ಬಂದ ಇವಳು ವಿಲ್ಲಾವೊಂದರ ಹಿಂದಿನ ಕೋಣೆಯಲ್ಲಿ ನಾಲ್ಕು ವರ್ಷ ಗೋಡೆ ನೋಡುತ್ತ ಕೂತಿದ್ದಳು. ಕಡಲಸಿಂಹಕ್ಕೆ ಮೀನು ತೊಳೆದು ಕೊಡುವ ಹೆಂಗಸು ಬೇಕಂತೆ ಎಂದು ಯಾರೋ ಹೇಳಿದಾಗ ನಗು ಬಂದಿತ್ತು. ಮಲ್ಪೆಯ ಬಂದರಿನಲ್ಲಿ ತಾಯಿಯ ಬುಟ್ಟಿಯ ಪಕ್ಕದಲ್ಲೇ ಬೆಳೆದವಳಿಗೆ ಅದೂ ಒಂದು ಕೆಲಸವೆ? ಮಾತು ಸರಿಯಾಗಿ ಬರುವ ಮೊದಲೇ ಅವಳು ಮೀನಿನ ಕಿವಿರು ಎತ್ತಿ ನೋಡಲು ಕಲಿತಿದ್ದಳು. ಕೆಂಪಿದ್ದರೆ ಮನೆಗೆ, ಕಂದಿದ್ದರೆ ತೆಂಗಿನ ಬುಡಕ್ಕೆ. ಮೀನು ಕೆಡುವುದು ಕಿವಿರಿನಿಂದಲೇ ಎಂದು ತಾಯಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಇಲ್ಲಿಗೆ ಬರುವುದು ಹೊರದೇಶದ ಹೆಪ್ಪುಗಟ್ಟಿದ ಮೀನು. ಬಂಗುಡೆ, ಬೂತಾಯಿಯ ಜಾತಿಯ ಇನ್ನೊಂದು. ಕಿವಿರೆಲ್ಲ ಗೋಣಿಯ ಬಣ್ಣ. ಮೊದಲ ವಾರದಲ್ಲೇ ಲೂನಾ ಒಂದು ಬಂಗುಡೆಯನ್ನು ಉಗಿದುಬಿಟ್ಟಿದ್ದಳು. ಪ್ರಫುಲ್ಲಾ ಎತ್ತಿ ನೋಡಿದರೆ ಕಿವಿರಿನೊಳಗೆ ಹಳದಿ ಬಿಲ್ಲೆಯಂಥದೊಂದು ಅಂಟಿಕೊಂಡಿತ್ತು. ಮೀನು ಕೆಡದಂತೆ ಕೋಲ್ಡ್ ಸ್ಟೋರೇಜಿನವರು ಹಾಕುವ ಮದ್ದು ಎಂದುಕೊಂಡಳು. ಮಾತಾಡಲು ಬಾರದ ಜೀವಕ್ಕೆ ವಿಷ ತಿನ್ನಿಸುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ಮರುದಿನದಿಂದ ಪ್ರತಿ ಮೀನಿನ ಕಿವಿರಿನೊಳಗೆ ಎರಡು ಬೆರಳು ಹಾಕಿ ಒಂದೇ ಎಳೆತಕ್ಕೆ ಕಿವಿರನ್ನೂ ಕರುಳನ್ನೂ ತೆಗೆದಳು. ತಲೆ ಹಾಗೆಯೇ ಉಳಿಯುತ್ತಿತ್ತು. ಹೊರಗಿನಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಲಿ ಎಂದು ಅವಳೂ ಮಾಡಿದ್ದಲ್ಲ. ನಲ್ಲಿಯ ನೀರಿನಲ್ಲಿ ಎಲ್ಲ ಕೊಚ್ಚಿಹೋಗುತ್ತಿತ್ತು. ಲೂನಾ ಒಂದನ್ನೂ ಉಗಿಯಲಿಲ್ಲ.

"ನೀನು ಅದಕ್ಕೆ ಹಾಕುವ ಬಂಗುಡೆ ನೋಡಿದ್ರೆ ನಾನೂ ಕೊಳಕ್ಕೆ ಹಾರುವ ಅಂತ ಕಾಣ್ತದೆ" ಎಂದು ಶೀನಪ್ಪ ತಮಾಷೆ ಮಾಡಿದ್ದ.

"ಕುತ್ತಿಗೆ ಇಲ್ಲದವರನ್ನು ಅಲ್ಲಿ ಸೇರಿಸುದಿಲ್ಲ" ಎಂದಿದ್ದಳು ಅವಳು, ಅವನ ಗಿಡ್ಡ ಕತ್ತು ನೋಡಿ.

ಎರಡು ತಿಂಗಳಾಗುವಷ್ಟರಲ್ಲಿ ಲೂನಾಳ ತಲೆ ಒಂದು ಬದಿಗೆ ವಾಲತೊಡಗಿತು. ಈ ಮಂಗಳವಾರ ಕೊಳದ ಅಂಚಿನಲ್ಲಿ ಮೈಯೆಲ್ಲ ಸೆಟೆದು ನಡುಗಿದಳು. ಬುಧವಾರ ಅಬುಧಾಬಿಯಿಂದ ಪ್ರಾಣಿವೈದ್ಯೆ ಡಾಕ್ಟರ್ ಫೆಲ್ಸಿ ಬಂದರು. ಬಜ್ಪೆಯವರು, ಎರಡು ವರ್ಷ ಪೆರುವಿನ ಕಡಲತೀರದಲ್ಲಿ ಕಾಡು ಕಡಲಸಿಂಹಗಳ ಲೆಕ್ಕ ಹಿಡಿಯುವ ಕೆಲಸ ಮಾಡಿದವರು. ಸೂಜಿ ಚುಚ್ಚಿ, ಮೀನಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ಕಡಲಲ್ಲಿ ಇವು ಜೀವಂತ ಮೀನನ್ನು ಇಡೀ ನುಂಗ್ತವೆ. ಬೇಕಾದ ಜೀವಸತ್ವ ಅದರಲ್ಲೇ ಸಿಗ್ತದೆ. ಐಸ್ ಮೀನಿನಲ್ಲಿ ಅದು ಉಳಿಯುದಿಲ್ಲ. ಅದಕ್ಕೇ ಮಾತ್ರೆ. ಮಾತ್ರೆ ತಪ್ಪಿದ್ರೆ ಮಿದುಳಿಗೇ ಪೆಟ್ಟು."

"ದಿನಾ ಇಟ್ಟಿದ್ದೇನೆ ಡಾಕ್ಟರಮ್ಮ" ಎಂದ ಅಲಿಕುಂಞಿ. ಉಳ್ಳಾಲದವನು, ಐವತ್ತು ದಾಟಿದವನು. ಐದು ಗಂಟೆಗೆ ಬಂದು ಮೀನು ಕರಗಿಸಿಟ್ಟು, ಪಂಪಿನ ಕೋಣೆಗೆ ಹೋಗಿಬಿಡುವುದು ಅವನ ಕೆಲಸ. "ಬಕೆಟ್ಟಿಗೆ ಮೂರು. ಕಿವಿರಿನ ಒಳಗೆ."

ಪ್ರಫುಲ್ಲಾಳ ಕೈಯ ಮೀನು ಜಾರಿ ತೊಟ್ಟಿಗೆ ಬಿತ್ತು.

ಡಾಕ್ಟರು ಆ ಕಡೆ ನೋಡಲಿಲ್ಲ. ಲೂನಾ ಹುಟ್ಟಿದ ವರ್ಷದ ಕಥೆ ಹೇಳುತ್ತಿದ್ದರು. ಆ ವರ್ಷ ಪೆರುವಿನ ಕಡಲು ಬಿಸಿಯೇರಿ ಮೀನೆಲ್ಲ ದೂರ, ಆಳಕ್ಕೆ ಹೋಯಿತು. ತಾಯಂದಿರು ಮೀನು ಹುಡುಕುತ್ತ ದಿನಗಟ್ಟಲೆ ಹೋದರು, ಕೆಲವರು ಮರಳಲಿಲ್ಲ. ಹಿಂತಿರುಗುವ ತಾಯಿ ಕೂಗಿದರೆ ಮರಿ ಅದೇ ದನಿಯನ್ನು ಗುರುತಿಸಿ ಓಗೊಡುತ್ತದೆ. ಬಂಡೆಗಳ ಮೇಲೆ ಮರಿಗಳು ಕೂಗುತ್ತಲೇ ಒಣಗಿದವು. "ನಾನು ಎಣಿಸಿದ ಕಡೆ ಆ ವರ್ಷದ ಮರಿಗಳಲ್ಲಿ ಬದುಕಿದ್ದು ಬೆರಳೆಣಿಕೆ. ಅದರಲ್ಲಿ ಇಲ್ಲಿಗೆ ತಂದ ಇವಳೊಬ್ಬಳು."

ಸಂಜೆಗೆ ಮ್ಯಾನೇಜರ್ ತೀರ್ಮಾನ ಹೇಳಿದ. ಅಲಿಕುಂಞಿ ಮಾತ್ರೆ ಇಡದೆ ಇಟ್ಟೆನೆಂದು ಪುಸ್ತಕದಲ್ಲಿ ಬರೆದಿದ್ದಾನೆ. ವೀಸಾ ಕ್ಯಾನ್ಸಲ್, ಶುಕ್ರವಾರ ವಿಮಾನ.

ಗುರುವಾರ ಅಲಿಕುಂಞಿ ಅವಳ ಬಳಿ ಬಂದ. "ಪ್ರಫುಲ್ಲಾ, ನೀನು ದಿನಾ ಆ ಮೀನು ಮುಟ್ಟಿದವಳು. ಮಾತ್ರೆ ಇತ್ತು ಅಂತ ಒಂದು ಮಾತು ಹೇಳು ಮಗಾ."

"ನಾನು ಬರುವಾಗ ನಿಮ್ಮ ಕೆಲಸ ಮುಗಿದಿರ್ತದಲ್ಲ ಕಾಕ" ಎಂದಳು ಅವಳು. ಒಂದು ಅಕ್ಷರವೂ ಸುಳ್ಳಲ್ಲ. ಅವನು ತಲೆಯಾಡಿಸಿ, ಅವಳ ಭಾರದ ಬಕೆಟ್ಟನ್ನು ಎಂದಿನಂತೆ ಬಾಗಿಲವರೆಗೆ ತಂದಿಟ್ಟು ಹೋದ. ಆ ಬಕೆಟ್ಟಿನ ಹಿಡಿಕೆಯನ್ನು ಮುಟ್ಟಲು ಅವಳಿಗೆ ತುಂಬ ಹೊತ್ತು ಬೇಕಾಯಿತು.

ಈಗ ಶುಕ್ರವಾರ ಮಧ್ಯಾಹ್ನ ಎರಡು ಗಂಟೆ. ರಜೆಯ ದಿನವೆಂದು ಶೀನಪ್ಪ ಅವಳನ್ನು ಕರೆದೊಯ್ಯಲು ಬಂದಿದ್ದ. ಆಫೀಸಿನ ಮುಂದೆ ಕಂಪನಿಯ ವ್ಯಾನು ನಿಂತಿತ್ತು. ಹಗ್ಗ ಕಟ್ಟಿದ ಪೆಟ್ಟಿಗೆಯ ಮೇಲೆ ಅಲಿಕುಂಞಿ ಕೂತಿದ್ದ. ಲೂನಾಳನ್ನು ನೋಡಲು ಮತ್ತೆ ಬಂದಿದ್ದ ಡಾಕ್ಟರರ ಕಾರೂ ಅಲ್ಲೇ ಇತ್ತು. ಪ್ರಫುಲ್ಲಾ ಮೀನಿನ ಕೋಣೆಯ ಬಾಗಿಲಲ್ಲೇ ಗಂಡನಿಗೆ ಎಲ್ಲ ಹೇಳಿದಳು.

ಶೀನಪ್ಪ ಕತ್ತು ತುರಿಸಿಕೊಂಡ. "ಸತ್ತಿಲ್ಲವಲ್ಲ ಅದು?"

"ತಲೆ ಇನ್ನೂ ವಾಲ್ತದೆ. ಇವತ್ತು ಒಂದೇ ಸಲ ಕೂಗಿತು."

"ಸೂಜಿ ಕೊಡ್ತಿದ್ದಾರೆ, ಸರಿಯಾಗ್ತದೆ. ನೀನು ಬೇಕೂಂತ ಮಾಡಿದ್ದಾ? ಒಳ್ಳೆಯದಕ್ಕೇ ಮಾಡಿದ್ದು ಮಾರಾಯ್ತಿ."

"ಅದನ್ನೇ ಎರಡು ದಿನದಿಂದ ನನಗೆ ನಾನೇ ಹೇಳ್ತಾ ಇದ್ದೇನೆ."

"ಮತ್ತೆಂಥದು? ಆ ಅಲಿಕುಂಞಿ ಬ್ಯಾರಿಗೆ ಊರಲ್ಲಿ ಮಕ್ಕಳು ದೊಡ್ಡವರಾಗಿದ್ದಾರೆ. ಇನ್ನರ್ಧ ಗಂಟೆಯಲ್ಲಿ ವ್ಯಾನು ಹೋಗ್ತದೆ, ಖಲಾಸ್. ಈಗ ಹೇಳಿದ್ರೆ ನಂಬುವವರಾದ್ರೂ ಯಾರು? ತಲೆ ಇದ್ದ ಮೀನಿನಿಂದ ಕಿವಿರು ತೆಗೀಲಿಕ್ಕಾಗ್ತದೆ ಅಂತ ಆ ಮ್ಯಾನೇಜರಿಗೆ ಎಲ್ಲಿ ಗೊತ್ತುಂಟು?"

ಅವಳು ಒಳಗೆ ಹೋಗಿ, ನಾಳೆಗೆಂದು ತಾನೇ ಕರಗಲಿಟ್ಟ ತಟ್ಟೆಯಿಂದ ಒಂದು ಬಂಗುಡೆ ಎತ್ತಿಕೊಂಡು ಬಂದಳು. ತಣ್ಣನೆಯ ನೀರು ಮೊಣಕೈವರೆಗೆ ಇಳಿಯುತ್ತಿತ್ತು.

"ಅದೆಂಥಕ್ಕೆ ಈಗ?" ಎಂದ ಶೀನಪ್ಪ. "ಪ್ರಫುಲ್ಲಾ, ಕೇಳಿಲ್ಲಿ. ನಾಳೆ ನಿನ್ನನ್ನು ತೆಗೆದುಹಾಕಿದ್ರೆ ಮತ್ತೆ ಅದೇ ಕೋಣೆ, ಅದೇ ಗೋಡೆ. ನಾನು ಹೇಳುದು ಏನಂದ್ರೆ..."

ಅವಳು ಆಗಲೇ ಬಿಸಿಲಿಗೆ ಇಳಿದು, ಮೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವ್ಯಾನಿನ ಕಡೆಗೆ ನಡೆಯುತ್ತಿದ್ದಳು.