ಕ್ಯಾಪ್ಟನ್ನನ ತೋಳು

ತಾಂಡೂರು ಸ್ಟೇಷನ್ನಿನಲ್ಲಿ ಇವತ್ತು ಸೈನಿಕನೊಬ್ಬ ಪಕ್ಕದಲ್ಲಿ ಕೂತ. ನನ್ನ ಕಣ್ಣು ಮೊದಲು ಅವನ ತೋಳಿಗೆ ಹೋಯಿತು. ಈ ಚಟ ಸರೋಜತ್ತೆಯಿಂದ ಅಂಟಿದ್ದು.

ಕಾಲೇಜಿನ ಎನ್‌ಸಿಸಿಯಲ್ಲಿದ್ದ ಅತ್ತೆಯನ್ನು ನೋಡಲು ಆಗ ಮದುವೆಯ ಗಂಡು ಸಮವಸ್ತ್ರದಲ್ಲೇ ಬಂದಿದ್ದ. ಹೆಗಲ ಮೇಲೆ ಮೂರು ತಾರೆ. ಅಜ್ಜನ ಹಿಗ್ಗಿಗೆ ಇರಲಿಲ್ಲ ಮೇರೆ.

"ಕ್ಯಾಪ್ಟನ್ ಸಾಹೇಬ್ರ, ಚಾ ತಗೋರಿ," ಅಂದ ಅಜ್ಜ.

ಕಪ್ಪು-ಬಸಿ ಕೊಟ್ಟ ಅತ್ತೆ ಅಲ್ಲೇ ನಿಂತಳು. ಬಿಸಿಲಿಗೆ ಮಾಸಿದ ಅವನ ಅಂಗಿಯ ತೋಳಿನಲ್ಲಿ ಮೂರು ಪಟ್ಟಿಯಷ್ಟು ಜಾಗ ಮಾತ್ರ ಹೊಸ ಬಟ್ಟೆಯಂತೆ ಹಸಿರಾಗಿತ್ತು.

"ಹವಾಲ್ದಾರನ ಪಟ್ಟಿ ಯಾವಾಗ ಬಿಚ್ಚೀರಿ?" ಅಂದಳು.

ಹವಾಲ್ದಾರನಿಗೂ ಕ್ಯಾಪ್ಟನ್ನನಿಗೂ ನಡುವೆ ಸುಬೇದಾರರ ಸಾಲೇ ಇದೆ; ಒಂದೇ ಅಂಗಿಯಲ್ಲಿ ದಾಟುವಂಥದ್ದಲ್ಲ. ಅವನು ತೋಳಿನ ಆ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡ.

"ಹವಾಲ್ದಾರ ಆದ್ರೇನಾತು, ನೌಕರಿ ಖರೇ ಅದಲ್ಲ?" ಅಂದ ಅಜ್ಜ.

"ಹವಾಲ್ದಾರ ಅಂತ ಬಂದಿದ್ರ ಹೂಂ ಅಂತಿದ್ದೆ ಅಪ್ಪಾ. ಈ ಕ್ಯಾಪ್ಟನ್ ಒಲ್ಲೆ."

ಇವತ್ತಿನವನದು ನಾಯಕ್ ದರ್ಜೆಯ ಎರಡು ಪಟ್ಟಿ, ಹೊಲಿಗೆ ಗಟ್ಟಿ. ಆದರೂ ರೈಲು ಬರುವವರೆಗೆ ನೋಡುತ್ತಲೇ ಇದ್ದೆ.