ಇಳಿಯದ ರುಮಾಲು

೧೯೭೮ರ ಬೇಸಿಗೆಯಲ್ಲಿ ನಾನು ಬಾದಾಮಿ ಭಾಗದಲ್ಲಿ ರೇಂಜ್ ಫಾರೆಸ್ಟ್ ಆಫೀಸರ್ ಆಗಿದ್ದೆ. ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೆರೂರಿನ ಆಚೆಯ ಗುಡ್ಡದ ನೆತ್ತಿಯಲ್ಲಿ ಒಂದು ವಾಚ್ ಟವರ್ ಇತ್ತು. ಒಣಹುಲ್ಲಿಗೆ ಎಲ್ಲಿ ಬೆಂಕಿ ಬಿದ್ದರೂ ಹೊಗೆ ಮೊದಲು ಕಾಣುತ್ತಿದ್ದುದು ಅಲ್ಲಿಂದ. ಯಮನಪ್ಪ ಅಲ್ಲಿಯ ಫೈರ್ ವಾಚರ್. ಒಮ್ಮೆ ರೊಟ್ಟಿ, ಹಿಟ್ಟು ಹೊತ್ತು ಹತ್ತಿದರೆ ಮುಂದಿನ ಸಂತೆಗೇ ಇಳಿಯುತ್ತಿದ್ದ. ನಮ್ಮಲ್ಲಿ ಆ ದಾರಿ ಬಲ್ಲವನು ಅವನೊಬ್ಬನೇ. ಗಾರ್ಡ್ ಬಸಪ್ಪ ನನ್ನ ಹಾಗೆಯೇ ಹೊಸಬ.

ಟವರಿನಲ್ಲಿ ವೈರ್‌ಲೆಸ್ ಇರಲಿಲ್ಲ. ದಿನಾ ಮುಂಜಾನೆ ಯಮನಪ್ಪ ತನ್ನ ಕೆಂಪು ರುಮಾಲನ್ನು ಟವರಿನ ಕಂಬಿಗೆ ಕಟ್ಟುತ್ತಿದ್ದ. ಕೆಳಗಿನವರಿಗೆ ಅದೇ ಕ್ಷೇಮಸಮಾಚಾರ.

ಒಂದು ಮಧ್ಯಾಹ್ನ ಅವನ ಹೆಂಡತಿ ನೀಲವ್ವ ನಮ್ಮ ಕ್ಯಾಂಪಿಗೆ ಬಂದಳು. "ಸಾಹೇಬ್ರ, ಮ್ಯಾಲ ಏನೋ ಆಗೇತ್ರಿ. ಹೋಗಿ ನೋಡಬೇಕ್ರಿ."

ನಾನು ಬೈನಾಕ್ಯುಲರ್ ಹಿಡಿದೆ. ರುಮಾಲು ಕಾಣಿಸಿತು. ಬಸಪ್ಪ ನಕ್ಕ. "ಅಲ್ನೋಡ ಅಕ್ಕಾ, ರುಮಾಲ ಹಾರಾಡಾಕತ್ತೇತಿ. ಆರಾಮ ಅದಾನ."

"ಅದಕ್ಕ ಬಂದೇನ್ರಿ," ಎಂದಳು ಆಕೆ ನನ್ನ ಕಡೆ ತಿರುಗಿ. "ಬಿಸಲ ಏರೂದ್ರಾಗ ಅದನ್ನ ಬಿಚ್ಚಿ ತಲೀಗೆ ಸುತ್ಕೋತಾನ. ನಿನ್ನಿ ಕಟ್ಟಿದ್ದು ಇನ್ನೂ ಅಲ್ಲೇ ಐತಿ. ಬರೇ ತಲೀಲೆ ಅಂವ ನನ್ನ ಮುಂದೂ ಉಣ್ಣಾಕ ಕುಂತಾಂವಲ್ಲ."

ನಾನು ಹುನಗುಂದದವನು. ನಮ್ಮಪ್ಪನನ್ನು ರುಮಾಲಿಲ್ಲದೆ ನೋಡಿದ ನೆನಪು ನನಗಿಲ್ಲ. ಬೈನಾಕ್ಯುಲರ್ ಕೆಳಗಿಟ್ಟೆ. ಆ ಬಿಸಿಲಿನಲ್ಲಿ, ಆ ಬಂಡೆಗಳ ಮೇಲೆ ಬಿದ್ದ ಮನುಷ್ಯ ನೀರಿಲ್ಲದೆ ಇನ್ನೊಂದು ಹಗಲು ಉಳಿಯುವುದು ಕಷ್ಟ.

ಮೂವರೂ ಹೊರಟೆವು. ಬೇಡವೆಂದರೂ ನೀಲವ್ವ ಕೇಳಲಿಲ್ಲ. ನೀರಿನ ಕೊಡವನ್ನೂ ಬಿಡಲಿಲ್ಲ. ಕಾಲುದಾರಿಯೆಂದು ನಂಬಿ ಹಿಡಿದದ್ದು ಕುರಿಗಳ ಜಾಡು. ಅದು ನಮ್ಮನ್ನು ನೆಟ್ಟಗೆ ಕೆಂಪು ಬಂಡೆಯ ಗೋಡೆಗೆ ಒಯ್ದು ನಿಲ್ಲಿಸಿತು.

"ನಾಳಿ ಯಾರರ ಬಲ್ಲವರನ್ನ ಕರಕೊಂಡ ಬರೂಣ್ರಿ," ಎಂದ ಬಸಪ್ಪ, ಏದುಸಿರು ಬಿಡುತ್ತ.

"ನಾಳಿ ಅನ್ನೂದು ಬ್ಯಾಡ," ಎಂದೆ. ನನ್ನದು ಮೊದಲಿನಿಂದಲೂ ಮೊಂಡುಹಟ. ಅದರಿಂದ ಮೇಲಿನವರ ಬೈಗುಳ ಸಾಕಷ್ಟು ತಿಂದಿದ್ದೇನೆ. ಅಂದು ಮಾತ್ರ ಆ ಹಟ ನನಗೆ ಬೇಕಾಗಿತ್ತು.

ಬಂಡೆಯ ಬುಡ ಹಿಡಿದು ಸುತ್ತಿದೆವು. ಒಂದು ಕಿರಿದಾದ ಸೀಳಿನ ಬಾಯಿಗೆ ಜಾಲಿಮುಳ್ಳು ಒಟ್ಟಿತ್ತು. ದಾರಿಯಲ್ಲವೆಂದು ದಾಟಿ ಹೋಗುತ್ತಿದ್ದೆ, ಒಳಗೆ ಕುರಿಮರಿ ಒದರಿತು. ಪಕ್ಕದ ನೆರಳಿನಿಂದ ಮುದುಕ ಕುರುಬನೊಬ್ಬ ಎದ್ದು ಬಂದ. ತೋಳದ ಕಾಟಕ್ಕೆ ಎಳೆಮರಿಗಳನ್ನು ಆ ಸೀಳಿನಲ್ಲಿ ಕೂಡಿ, ಎರಡೂ ಕಡೆ ಮುಳ್ಳು ಹಚ್ಚಿದ್ದ.

"ಟವರಿನ ದಾರಿ ಎಲ್ಲೈತಿ ಯಜ್ಜಾ?"

"ಇದ ರೀ. ಯಮನಪ್ಪ ಮುಳ್ಳ ಸರಿಸಿ ಹೊಕ್ಕಾನ, ಮತ್ತ ಮುಚ್ಚಿ ಹೋಗ್ತಾನ. ಈ ಸಲ ಇನ್ನೂ ಇಳದಿಲ್ಲ."

ಮರಿಗಳು ಹೊರಗೆ ನುಗ್ಗದಂತೆ ಬಸಪ್ಪ ಕಾಲು ಅಡ್ಡ ಹಾಕಿ ನಿಂತ. ನಾವು ಒಳಹೊಕ್ಕೆವು. ಮುದುಕ ಮುಳ್ಳು ಮುಚ್ಚಿ, ಕಂಬಳಿ ಹೆಗಲಿಗೇರಿಸಿ ಹಿಂದೆಯೇ ಬಂದ. ಸೀಳಿನಾಚೆ ಕಡಿದಾದ ಏರು. ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತ, ಕೈಯೂರಿ, ಮೊಣಕಾಲೂರಿ ಹತ್ತಿದೆವು. ನೀಲವ್ವ ಎಲ್ಲಿಯೂ ಕೂರಲಿಲ್ಲ, ಹಾಗಾಗಿ ನಮಗೂ ಕೂರುವ ಮುಖವಿರಲಿಲ್ಲ.

ಯಮನಪ್ಪ ಟವರಿನ ಬುಡದಲ್ಲಿ ಬಿದ್ದಿದ್ದ. ರುಮಾಲು ಕಟ್ಟಿ, ಒಲೆ ಹೊತ್ತಿಸಲು ಇಳಿಯುವಾಗ ಕಟ್ಟಿಗೆಯ ಏಣಿಯ ಮೆಟ್ಟಿಲು ಮುರಿದು ಬಿದ್ದು ಕಾಲು ಮುರಿದುಕೊಂಡಿದ್ದ. ನೀರಿನ ಕೊಡ ಮೇಲೆಯೇ ಉಳಿದಿತ್ತು. ತುಟಿ ಒಡೆದಿದ್ದವು. ನನ್ನನ್ನು ಕಂಡವನೇ ಕೈಯನ್ನು ಬರಿತಲೆಗೆ ಒಯ್ದ.

"ಸಾಹೇಬ್ರ, ತಲೀಗೆ ಏನರ ಕೊಡ್ರಿ."

"ಮೊದಲ ನೀರ ಕುಡಿ," ಎಂದು ನೀಲವ್ವ ತನ್ನ ಸೆರಗಿನ ತುದಿಯನ್ನೇ ಅವನ ತಲೆಗೆ ಹೊದಿಸಿ, ಬಾಯಿಗೆ ನೀರು ಹನಿಸಿದಳು. ಅಲ್ಲಿಯವರೆಗೆ ಆಕೆ ತಡೆದಿದ್ದ ಅಳು ಆಗ ಬಂತು. ನನಗೂ ಕಣ್ಣು ಒದ್ದೆಯಾದವು.

ಮುದುಕನ ಕಂಬಳಿಯಲ್ಲಿ ಅವನನ್ನು ಮಲಗಿಸಿ ಹೊರಡುವಾಗ ಮೇಲೆ ನೋಡಿದೆ. ರುಮಾಲು ಇನ್ನೂ ಹಾರಾಡುತ್ತಿತ್ತು. ಬೈನಾಕ್ಯುಲರಿನಲ್ಲಿ ಅದನ್ನೇ ಕಂಡು ನಾನು ನಿಶ್ಚಿಂತನಾಗುವುದರಲ್ಲಿದ್ದೆ. ಗುರುತು ಕಂಡರೆ ಸಾಲದು, ಅದು ಇಳಿಯುವ ಹೊತ್ತೂ ಗೊತ್ತಿರಬೇಕೆಂದು ಮುಂದೆ ಎಲ್ಲಿ ಹೋದರೂ ನನ್ನ ಗಾರ್ಡುಗಳಿಗೆ ಹೇಳುತ್ತ ಬಂದೆ.

ಅಂದು ಏಣಿಯ ಉಳಿದ ಮೆಟ್ಟಿಲು ಹಿಡಿದು ನಾನೇ ಹತ್ತಿ ರುಮಾಲು ಬಿಚ್ಚಿ ತಂದೆ. ಯಮನಪ್ಪ ಮಲಗಿದ್ದಲ್ಲೇ ಅದನ್ನು ನಿಧಾನಕ್ಕೆ ಸುತ್ತಿಕೊಂಡ. ಆಮೇಲೆಯೇ ಹೇಳಿದ: "ಹೂಂ, ಈಗ ಎತ್ರಿ."