ಮಡಿವಾಳೆಪ್ಪನ ಎರಡೂವರೆ ರೂಪಾಯಿ ಪುಸ್ತಕಗಳು

ಮಿಶ್ರಿಕೋಟಿಯ ಶಾಲೆಗೆ ನಾನು ವರ್ಗವಾಗಿ ಬಂದದ್ದು ೧೯೮೪ರಲ್ಲಿ. ಒಂಟಿ ಹೆಂಗಸಿಗೆ ಮನೆ ಕೊಡಲು ಊರವರು ಹಿಂದೆಮುಂದೆ ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಮಾರುವ ಮಡಿವಾಳೆಪ್ಪ ಮಾತ್ರ, "ಅಕ್ಕೋರ, ನಮ್ಮ ಮುಂದಿನ ಖೋಲಿ ಖಾಲಿ ಐತ್ರಿ, ಬಂದು ಇರ್ರಿ" ಅಂದ. ಬಾಡಿಗೆ ಎಷ್ಟೆಂದು ಕೇಳಿದರೆ "ಮನ್ಯಾಗ ಕೇಳ್ರಿ" ಅಂದ. ಮನೆ ಅಂದರೆ ಹೆಂಡತಿ ಕಸ್ತೂರೆವ್ವ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಡಿಗೆಯ ಮಾತೇ ಎತ್ತದೆ, ಮೊದಲು ರೊಟ್ಟಿ ಬಡಿಸಿದಳು. ಹೀಗೆ ನಾನು ಆ ಮನೆಯವಳಾದೆ.

ಮಡಿವಾಳೆಪ್ಪನಿಗೆ ಆಗ ನಲವತ್ತೈದು ಇರಬಹುದು. ಹೊಲ ತಮ್ಮನಿಗೆ ಬಿಟ್ಟು ಪೇಪರ್ ಏಜೆನ್ಸಿ ಹಿಡಿದಿದ್ದ. ಹುಬ್ಬಳ್ಳಿಯ ಮೊದಲ ಬಸ್ಸಿನ ಮೇಲಿಂದ ಕಟ್ಟು ಇಳಿಸಿಕೊಂಡು, ಹಗ್ಗ ಬಿಚ್ಚಿ, ಪ್ರತಿ ಪುಸ್ತಕದ ಹಿಂಬದಿಗೆ ತನ್ನ ಅಂಗಡಿಯ ರಬ್ಬರ್ ಶಿಕ್ಕಾ ಒತ್ತುವನು. ಮಾರದೆ ಉಳಿದವುಗಳ ರಕ್ಷಾಪುಟದಿಂದ ಹೆಸರು, ಬೆಲೆ ಇರುವ ಪಟ್ಟಿಯನ್ನು ಕತ್ತರಿಸಿ ಪ್ರಕಾಶಕರಿಗೆ ವಾಪಸು ಕಳಿಸಬೇಕು, ಆಗ ಅವುಗಳ ದುಡ್ಡು ಲೆಕ್ಕದಿಂದ ಕಳೆಯುತ್ತದೆ. ಮಿಕ್ಕ ಪುಸ್ತಕ ಭಜಿ ಅಂಗಡಿಯ ಪಾಲು. ಆದರೆ ಮಕ್ಕಳ ಚಿತ್ರಕಥೆ ಪುಸ್ತಕಗಳನ್ನು ಮಾತ್ರ ಅವನು ತಾನೊಮ್ಮೆ ಓದದೆ ಕತ್ತರಿಗೆ ಕೊಟ್ಟವನಲ್ಲ. ತುಟಿ ಅಲ್ಲಾಡಿಸುತ್ತ ಓದುವಾಗ ಕಳ್ಳನೊಬ್ಬ ನಾಯಕನ ಬೆನ್ನಿಗೆ ಬಂದರೆ, "ಏ ಖೋಡಿ, ಹಿಂದ ನೋಡಲೇ!" ಎಂದು ಜೋರಾಗಿ ಕೂಗಿಬಿಡುವನು. ಬಸ್ಸಿಗೆ ಕಾದವರು ನಿಜವಾಗಿಯೂ ಹಿಂದೆ ತಿರುಗಿ ನೋಡಿದ್ದುಂಟು.

ಇಂಥ ಮನುಷ್ಯನನ್ನು ಊರು ಕಳ್ಳ ಅಂದಿತ್ತು. ಈಗಲೂ ನನಗೆ ಅದನ್ನು ನೆನೆದರೆ ಮೈ ಉರಿಯುತ್ತದೆ.

ಆದದ್ದಿಷ್ಟು. ನಾನು ಬರುವ ಹಿಂದಿನ ವರ್ಷ, 'ಸಿಡಿಲು ಸರದಾರ' ಎಂಬ ಎರಡು ರೂಪಾಯಿಯ ಚಿತ್ರಕಥೆ ಮಾಸಿಕ ಮೂರು ತಿಂಗಳ ಮಟ್ಟಿಗೆ ಎರಡೂವರೆ ರೂಪಾಯಿ ಎಂದು ಅಚ್ಚಾಗಿ ಬಂತು. ಮಡಿವಾಳೆಪ್ಪ ಅಚ್ಚಾದ ಬೆಲೆಗೆ ಮಾರಿದ. ಊರ ಹಿರಿಯ ಈರಬಸಪ್ಪ ಮೊಮ್ಮಗಳಿಗೆಂದು ಒಂದು ಕೊಂಡ. ಅದೇ ವಾರ ಮಗಳ ಊರು, ಪಕ್ಕದ ಜಿಲ್ಲೆಯ ಯಲ್ಲಾಪುರಕ್ಕೆ ಹೋದರೆ ಅಲ್ಲಿ ಅದೇ ಪುಸ್ತಕ, ಅದೇ ಚಿತ್ರ, ಬೆಲೆ ಎರಡೇ ರೂಪಾಯಿ! ತಿರುಗಿ ಬಂದವನು ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರ ಮುಂದೆ, "ಲೇ ಮಡಿವಾಳಿ, ಶಿಕ್ಕಾ ಒತ್ತಿ ಬೆಲಿ ಏರಸ್ತಿಯೇನಲೇ? ಮಕ್ಕಳ ಪುಸ್ತಕದಾಗೂ ಕೈ ಹಾಕಿದಿ?" ಅಂದುಬಿಟ್ಟ. ಶಿಕ್ಕಾ ಒತ್ತುವುದನ್ನು ದಿನಾ ನೋಡುತ್ತಿದ್ದ ಜನಕ್ಕೆ ಅದು ಸುಲಭವಾಗಿ ಹಿಡಿಸಿತು. ಹಿರಿಯರು ಆಡಿದ ಮಾತು, ಸುಳ್ಳಿದ್ದೀತೇ?

ಮಡಿವಾಳೆಪ್ಪ ಯಲ್ಲಾಪುರಕ್ಕೇ ಹೋಗಿ ಎರಡು ರೂಪಾಯಿಯ ಪುಸ್ತಕಗಳನ್ನು ತಂದ. ತನ್ನಲ್ಲಿ ಉಳಿದಿದ್ದ ಎರಡೂವರೆಯ ಏಳು ಪುಸ್ತಕಗಳನ್ನು ಕತ್ತರಿಸದೆ ಇಟ್ಟುಕೊಂಡ. ಎರಡನ್ನೂ ಜೋಡಿಸಿ ಕಂಡಕಂಡವರಿಗೆ ತೋರಿಸಿದ. "ಎರಡೂ ನೀನ ಮಾಡಿದ್ದು" ಎಂದು ನಕ್ಕರು. ಕೆಲವರು ಪೇಪರನ್ನು ಕಲಘಟಗಿಯಿಂದ ತರಿಸಿಕೊಳ್ಳತೊಡಗಿದರು. ಈರಬಸಪ್ಪ ದಿನಾ ಅಂಗಡಿಯ ಬಾಜುವಿನ ಕಟ್ಟೆಯ ಮೇಲೇ ಕೂರುತ್ತಿದ್ದ, ಆದರೆ ಒಂದು ಪೇಪರೂ ಮುಟ್ಟುತ್ತಿರಲಿಲ್ಲ. ಮಡಿವಾಳೆಪ್ಪ ಆ ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟ. ಕಸ್ತೂರೆವ್ವ ಮಾತ್ರ, "ಮಾನ ಕಳದ ಪುಸ್ತಕ, ನೀರೊಲಿಗೆ ಹಾಕ್ತೀನಿ ನೋಡ್ರಿ" ಎಂದು ವಾರಕ್ಕೊಮ್ಮೆ ಬೆದರಿಸುತ್ತಿದ್ದಳು.

ನಾಲ್ಕು ವರ್ಷ ಹೀಗೇ ಹೋಯಿತು. ೧೯೮೭ರಲ್ಲಿ ಧಾರವಾಡದ ಒಂದು ತರಬೇತಿಯಲ್ಲಿ ನನಗೆ ಬೆಳಗಾವಿಯ ಡ್ರಾಯಿಂಗ್ ಮಾಸ್ತರ ಇಮಾಮಹುಸೇನರ ಪರಿಚಯವಾಯಿತು. ಚಿತ್ರಕಥೆ ಪುಸ್ತಕ ಕೂಡಿಹಾಕುವುದು ಅವರ ಹುಚ್ಚು. ನಮ್ಮ ಮನೆ ಯಜಮಾನನ ಕಥೆಯನ್ನು ನಗುತ್ತ ಹೇಳಿದೆ. ಅವರು ನಗಲಿಲ್ಲ, ಕುರ್ಚಿಯಿಂದ ಎದ್ದೇಬಿಟ್ಟರು. "ಬೆಲಿ ಏರಿಸಿದ್ರ ಮಂದಿ ತಗೋತಾರೋ ಇಲ್ಲೋ ಅಂತ ಪ್ರಕಾಶಕರು ಒಂದ ಜಿಲ್ಲಾದಾಗ ನೋಡಿದ್ರು ಅಕ್ಕೋರ. ನಿಮ್ಮ ಧಾರವಾಡ ಜಿಲ್ಲಾಕ್ಕಷ್ಟ ಎರಡೂವರಿ ಅಂತ ಅಚ್ಚ ಹಾಕಿಸಿದ್ರು. ಮಾರಾಟ ಆಗಲಿಲ್ಲ, ಎಲ್ಲಾರೂ ಪಟ್ಟಿ ಕತ್ತರಿಸಿ ಕಳಿಸಿಬಿಟ್ರು. ಇಡೀ ಪುಸ್ತಕ ನಾ ಒಂದೂ ಕಂಡಿಲ್ಲ. ಸ್ವಚ್ಛ ಇದ್ರ ಒಂದೊಂದಕ್ಕ ಐವತ್ತು ಕೊಡ್ತೀನ್ರಿ."

ಸುದ್ದಿ ತಂದು ಹೇಳಿದೆ. ಮಡಿವಾಳೆಪ್ಪ ಟ್ರಂಕು ತೆಗೆದು ಏಳೂ ಪುಸ್ತಕಗಳನ್ನು ಎಣಿಸಿ ಮತ್ತೆ ಒಳಗಿಟ್ಟ. ಆಮೇಲೆ, "ಐವತ್ತು ಇರ್ಲಿ ಬಿಡ್ರಿ ಅಕ್ಕೋರ. ಅವರು ಬಸ್ ಸ್ಟ್ಯಾಂಡಿನ್ಯಾಗ ನಿಂತು, ಬೆಲಿ ಅಚ್ಚಾಗೇ ಬಂದದ್ದು, ಮಡಿವಾಳೆಪ್ಪ ಮಾಡಿದ್ದಲ್ಲ ಅಂತ ನಾಕ ಮಂದಿ ಮುಂದ ಹೇಳ್ತಾರೇನ್ರಿ?" ಅಂದ. ಹೇಳುತ್ತಾರೆ ಎಂದೆ. ದಸರೆ ರಜೆಯಲ್ಲಿ, ಬನ್ನಿ ಹಬ್ಬದ ಮರುದಿನ ಬರುವುದಾಗಿ ಇಮಾಮಹುಸೇನರು ಕಾರ್ಡು ಬರೆದರು.

ಆ ಕಾರ್ಡು ಬಂದ ದಿನದಿಂದ ಕಸ್ತೂರೆವ್ವ ನೀರೊಲೆಯ ಮಾತು ಬಿಟ್ಟಳು. ಗಂಡ ಇಲ್ಲದಾಗ ಟ್ರಂಕು ತೆಗೆದು ನೋಡುವಳು, ಮುಚ್ಚುವಳು. ನಾಲ್ಕು ವರ್ಷ ಬೈದದ್ದಕ್ಕೆ ಅವಳಿಗೆ ಒಳಗೊಳಗೇ ನಾಚಿಕೆಯಾಗಿತ್ತು ಎಂದು ನನಗೆ ಗೊತ್ತು.

ಮಹಾನವಮಿಯ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ನಾನು ಎದ್ದು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಪೂಜೆ ಮುಗಿದಿತ್ತು. ಕುಡಗೋಲು, ಕೊಡಲಿ, ಪೇಪರ್ ಕತ್ತರಿಸುವ ಕತ್ತರಿ, ಅವುಗಳ ನಡುವೆ ಸಾಲಾಗಿ ಪುಸ್ತಕಗಳು. ಎಲ್ಲದರ ಮೇಲೂ ವಿಭೂತಿ. ಎರಡೂವರೆಯ ಏಳು ಪುಸ್ತಕಗಳ ಮೇಲೆ ಮಾತ್ರ, ಬೆಲೆ ಇದ್ದ ಮೂಲೆಗೆ ಸರಿಯಾಗಿ, ನೀರಲ್ಲಿ ಕಲಸಿದ ಕುಂಕುಮ!

"ಇದೇನು ಮಾಡಿದಿ ಕಸ್ತೂರೆವ್ವಾ!" ಎಂದು ಚೀರಿದೆ.

"ಯಾಕ್ರಿ? ಬೆಲಿ ಇದ್ದಲ್ಲೇ ಅಲ್ಲೇನ್ರಿ ಲಕ್ಷ್ಮಿ ಇರೂದು? ಅದಕ್ಕ ಅಲ್ಲೇ ಹಚ್ಚೀನಿ. ಎರಡು ರೂಪಾಯಿದ್ದಕ್ಕ ಬರೇ ವಿಭೂತಿ ಸಾಕಂದೆ" ಎಂದು ಹೆಮ್ಮೆಯಿಂದ ಅಂದಳು.

ಸ್ವಚ್ಛ ಇದ್ದರೆ ಮಾತ್ರ ಬೆಲೆ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಅದು ನನ್ನ ತಪ್ಪು. ಇನ್ನೊಂದು ತಪ್ಪನ್ನು ಆಗಲೇ ಮಾಡಿದೆ. ಕಲಿತವಳೆಂಬ ಸೊಕ್ಕಿನಲ್ಲಿ ಒದ್ದೆ ಬಟ್ಟೆ ತಂದು ಒಂದು ಪುಸ್ತಕದ ಕುಂಕುಮ ಒರೆಸಿದೆ. ಕುಂಕುಮದ ಜೊತೆ ಕಾಗದವೂ ಎದ್ದು, ಬೆಲೆ ಇದ್ದಲ್ಲಿ ತೂತು ಬಿತ್ತು. ಆಗ ಕಸ್ತೂರೆವ್ವನಿಗೆ ಎಲ್ಲ ಅರ್ಥವಾಯಿತು. ಕೆಳಗೆ ಕುಸಿದು, "ನನ್ನ ಕೈ ಸೇದಿ ಹೋಗ್ಲಿ" ಎಂದು ಅಳತೊಡಗಿದಳು. ಮಡಿವಾಳೆಪ್ಪ ಸ್ನಾನ ಮುಗಿಸಿ ಬಂದು ಪುಸ್ತಕಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. "ಪೂಜಾ ಮಾಡಿ ಅಳ್ತಾರೇನ? ಏಳು, ಹೋಳಿಗಿ ಮಾಡು" ಅಂದ. ಅಷ್ಟೇ ಅಂದದ್ದು. ಆದರೆ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಇಮಾಮಹುಸೇನರು ಹೇಳಿದ ದಿನವೇ, ಹನ್ನೊಂದರ ಬಸ್ಸಿಗೆ ಬಂದಿಳಿದರು. ಸುದ್ದಿ ಹರಡಿ ಬಸ್ ಸ್ಟ್ಯಾಂಡಿನಲ್ಲಿ ಜನ ಸೇರಿದ್ದರು. ಮಡಿವಾಳೆಪ್ಪ ಪುಸ್ತಕಗಳನ್ನು ತಂದು ಅಂಗಡಿಯ ಮುಂದೆ ಹರಡಿದ. ಈರಬಸಪ್ಪ ತನ್ನ ಕಟ್ಟೆಯ ಮೇಲಿದ್ದ. ಕುಂಕುಮ ಕಂಡವನೇ, "ನೋಡ್ರಿ, ಕಳ್ಳತನ ಮುಚ್ಚಾಕ ಕುಂಕುಮ ಬಳದಾನ" ಅಂದ. ಕೆಲವರು ಕಿಸಕ್ಕನೆ ನಕ್ಕರು. ಮಡಿವಾಳೆಪ್ಪ ತಲೆ ತಗ್ಗಿಸಿದ. ನನಗೆ ಆ ಮುದುಕನನ್ನು ಕಟ್ಟೆಯಿಂದ ಕೆಳಗೆ ದಬ್ಬುವಷ್ಟು ಸಿಟ್ಟು ಬಂತು.

ಇಮಾಮಹುಸೇನರು ಪುಸ್ತಕಗಳನ್ನು ಒಂದೊಂದಾಗಿ ನೋಡಿ ನಿಟ್ಟುಸಿರು ಬಿಟ್ಟರು. "ಇವನ್ನ ನಾ ತಗೊಳ್ಳಾಕ ಬರಂಗಿಲ್ರಿ ಮಡಿವಾಳೆಪ್ಪನವರ. ಕಲೆ ಬಿದ್ದದ್ದಕ್ಕ ನಮ್ಮ ಪೈಕಿ ಯಾರೂ ಕಿಮ್ಮತ್ತು ಕೊಡಂಗಿಲ್ಲ" ಅಂದರು. ಆದರೆ ಕೈಯಲ್ಲಿದ್ದದ್ದನ್ನು ಕೆಳಗಿಡಲಿಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದು ಮತ್ತೆ ನೋಡಿದರು. ಆಮೇಲೆ ನೇರ ಈರಬಸಪ್ಪನ ಬಳಿ ಹೋದರು.

"ಯಜಮಾನ್ರ, ಚಾಳೀಸು ಹಾಕ್ಕೊಂಡು ನೋಡ್ರಿಲ್ಲೆ. ಬೆಲಿ ಸುತ್ತ ನೀಲಿ ಮಸಿ ಐತಿ. ಅದರ ಮ್ಯಾಲ ಕುಂಕುಮ ಹಿಡದಿಲ್ಲ, ಜಾರೇತಿ. ಅಂಕಿ ಅಷ್ಟ ಕೆಂಪಗಾಗ್ಯಾವ. ಯಾಕಂದ್ರ ಅಲ್ಲಿ ಮಸಿನ ಇದ್ದಿಲ್ಲ, ಬರೇ ಬಿಳೇ ಕಾಗದ ಇತ್ತು. ಪ್ರೆಸ್ಸಿನ್ಯಾಗ ಚಿತ್ರ ಅಚ್ಚ ಹಾಕುವಾಗನ ಅಂಕಿ ಬಿಳೇ ಬಿಟ್ಟಾರ. ಶಿಕ್ಕಾ ಬಣ್ಣ ಹಚ್ಚತೈತ್ರಿ, ಹಚ್ಚಿದ ಬಣ್ಣ ತಗಿಯಂಗಿಲ್ಲ. ಇದನ್ನ ಯಾವ ಅಂಗಡ್ಯಾವನೂ ಮಾಡಾಕ ಆಗಂಗಿಲ್ಲ."

ಈರಬಸಪ್ಪ ಕನ್ನಡಕ ಹಾಕಿಕೊಂಡ. ಪುಸ್ತಕವನ್ನು ಹತ್ತಿರ ಹಿಡಿದ, ದೂರ ಹಿಡಿದ, ಬೆರಳಿನಿಂದ ಸವರಿದ. ನೀಲಿ ಆಕಾಶದ ಮೂಲೆಯಲ್ಲಿ ಕೆಂಪಗೆ, ಮೊದಲಿಗಿಂತ ಸ್ಪಷ್ಟವಾಗಿ, ಎರಡೂವರೆ. ಇನ್ನೊಂದು ಪುಸ್ತಕ ಇಸಿದುಕೊಂಡು ನೋಡಿದ. ಅದರಲ್ಲೂ ಹಾಗೇ ಇತ್ತು. ನಕ್ಕಿದ್ದವರೂ ಒತ್ತಿ ಬಂದು ಬಗ್ಗಿ ನೋಡಿದರು.

ತಪ್ಪಾಯಿತು ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ, ಆವತ್ತೂ ಹುಟ್ಟಲಿಲ್ಲ. ಚಾಳೀಸು ತೆಗೆದು ಕಿಸೆಗಿಟ್ಟುಕೊಂಡು, ಕಟ್ಟೆ ಇಳಿದು, ನಾಲ್ಕು ವರ್ಷ ಬಾರದ ಅಂಗಡಿಯ ಮುಂದೆ ಬಂದು ನಿಂತ.

"ಮಡಿವಾಳೆಪ್ಪಾ, ಇದೊಂದು ನನಗ ಕೊಡು. ಮೊಮ್ಮಗಳಿಗೆ ಬೇಕು."

"ಹಂಗ ಒಯ್ರಿ ಕಾಕಾ."

"ಹಂಗ್ಯಾಕ ಒಯ್ಯಲಿ? ಬೆಲಿ ಬರದೈತಲ್ಲ" ಎಂದು ಎಲ್ಲರಿಗೂ ಕೇಳುವಂತೆ ಅಂದು, ಎರಡೂವರೆ ರೂಪಾಯಿಯನ್ನು ಪೇಪರಿನ ಮೇಲೆ ಇಟ್ಟ. ಮಡಿವಾಳೆಪ್ಪ ಅದನ್ನು ಎತ್ತಿ, ಬೇರೆ ದುಡ್ಡಿನ ಜೊತೆ ಕೂಡಿಸದೆ, ಅಂಗಿಯ ಕಿಸೆಗಿಟ್ಟುಕೊಂಡ.

ಇಮಾಮಹುಸೇನರನ್ನು ಊಟಕ್ಕೆ ಕರೆದುಕೊಂಡು ನಾವು ಮನೆಗೆ ಹೋದಾಗ ಕಸ್ತೂರೆವ್ವ ಬಾಗಿಲಲ್ಲೇ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಏನಾತ್ರಿ? ಒಂದಾದ್ರೂ ಹೋತೇನ್ರಿ?"

"ಒಂದು ಹೋತು."

"ಎಷ್ಟಕ್ಕ?"

"ಎರಡೂವರಿಗೆ."

ಅವಳ ಮುಖ ಸಣ್ಣದಾಯಿತು. ಮಡಿವಾಳೆಪ್ಪ ಅವಳ ಅಂಗೈ ಬಿಡಿಸಿ ಆ ದುಡ್ಡನ್ನು ಅದರಲ್ಲಿಟ್ಟ.

"ಅಚ್ಚಾದ ಬೆಲಿ, ಕಸ್ತೂರಿ. ಈರಬಸಪ್ಪ ಕಾಕಾ ಕೊಟ್ರು" ಅಂದ.